ಸಲಹೆಗಾರರನ್ನು ತೋಟಕ್ಕೆ ಕರೆಯುವ ಮುನ್ನ

ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಷ್ಟು ಕಾಲ ಚಿಕ್ಕಮಗಳೂರಿನ ಬೆಳೆಗಾರರಿಗೆ ವ್ಯವಹಾರದ ಸಲಹೆ ಅಷ್ಟಾಗಿ ಬೇಕಿರಲಿಲ್ಲ. ಕುಯ್ದು, ಒಣಗಿಸಿ, ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿದರೆ ಮಾರುವ ಚಿಂತೆ ಮಂಡಳಿಯದು. ದುಡ್ಡು ಕಂತಿನಲ್ಲಿ ಬರುತ್ತಿತ್ತು. 1990ರ ದಶಕದ ಆರಂಭದಲ್ಲಿ ಆ ಕಟ್ಟು ಸಡಿಲವಾಗತೊಡಗಿ, 1996ರ ಹೊತ್ತಿಗೆ ಎಲ್ಲರಿಗೂ ಮುಕ್ತ ಮಾರುಕಟ್ಟೆ ಸಿಕ್ಕಿತು. ಅದರ ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತು, 2000ದ ನಂತರ ನೆಲಕಚ್ಚಿತು. ಯಾವಾಗ ಮಾರಬೇಕು, ಎಷ್ಟು ಸಾಲ ಮಾಡಬಹುದು, ಒಂದು ಮೂಟೆಗೆ ನಿಜವಾಗಿ ಬೀಳುವ ಖರ್ಚೆಷ್ಟು ಎಂಬ ಪ್ರಶ್ನೆಗಳು ಸಣ್ಣ ತೋಟದ ಜಗುಲಿಗೂ ಬಂದವು. ದುಡ್ಡು ಕೊಟ್ಟು ಸಲಹೆ ಪಡೆಯುವ ಮಾತೂ ಅವುಗಳ ಹಿಂದೆಯೇ ಬಂತು.

ಕಂಪನಿ ಎಸ್ಟೇಟುಗಳಿಗೆ ಇದು ಹೊಸದಲ್ಲ. ಬ್ರಿಟಿಷರ ಕಾಲದಿಂದಲೂ ಅಲ್ಲಿ ವಿಸಿಟಿಂಗ್ ಏಜೆಂಟರ ಪದ್ಧತಿ ಇತ್ತು. ಅವರು ಬಂದರೆ ಬಂಗಲೆಯಲ್ಲಿ ಕೂರುತ್ತಿರಲಿಲ್ಲ. ನರ್ಸರಿ, ಪಲ್ಪರ್ ಮನೆ, ಕಣ, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಎಲ್ಲ ನೋಡಿ, ಪಟ್ಟೆಯಿಂದ ಪಟ್ಟೆಗೆ ನಡೆದು, ಕಂಡದ್ದನ್ನು ವರದಿಯಾಗಿ ಬರೆದುಕೊಡುತ್ತಿದ್ದರು. ಮುಂದಿನ ಭೇಟಿಯಲ್ಲಿ ಹಳೆಯ ವರದಿ ಮತ್ತೆ ತೆರೆದುಕೊಳ್ಳುತ್ತಿತ್ತು. ಬಾಯಿಮಾತಿನ ಸಲಹೆಗೆ ಇಲ್ಲದ ಹೊಣೆ ಬರಹಕ್ಕೆ ಇರುತ್ತದೆ. ಈಗ ಹತ್ತು ಎಕರೆಯವರು ಕೂಡ ಕೇಳಿ ಪಡೆಯಬೇಕಾದದ್ದು ಅದನ್ನೇ.

ನಮ್ಮ ತೋಟ ಕೊಟ್ಟಿಗೆಹಾರ ದಾಟಿ ಕಳಸದ ಕಡೆಗಿದೆ. ಸಲಹೆಗಾರರೊಡನೆ ಕೆಲಸ ಮಾಡಿದ ಮೇಲೆ ನನಗೆ ಗಟ್ಟಿಯಾದ ಮಾತೊಂದೇ: ಕರೆಯುವ ಮೊದಲು ಪ್ರಶ್ನೆಯನ್ನು ಎರಡಾಗಿ ಸೀಳಬೇಕು. ಗಿಡ, ಮಣ್ಣು, ರೋಗದ ಪ್ರಶ್ನೆ ಯಾವುದು? ಲೆಕ್ಕ, ಆಳು, ಮಾರಾಟ, ಸಾಲದ ಪ್ರಶ್ನೆ ಯಾವುದು? ಮೊದಲನೆಯದಕ್ಕೆ ಮನೆಯ ಹತ್ತಿರವೇ ಉತ್ತರವಿದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಎಸ್.795, ಚಂದ್ರಗಿರಿಯಂಥ ತಳಿಗಳನ್ನು ಕೊಟ್ಟಿದೆ. ಮಣ್ಣನ್ನೂ ಪರೀಕ್ಷಿಸಿ ಕೊಡುತ್ತದೆ. ಮೂಡಿಗೆರೆಯಲ್ಲಿ ತೋಟಗಾರಿಕಾ ಕಾಲೇಜಿದೆ, ಕೃಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ಸಿಗುವುದಕ್ಕೆ ಹೊರಗಿನವರಿಗೆ ಫೀಸು ಕೊಡುವುದರಲ್ಲಿ ಅರ್ಥವಿಲ್ಲ. ಫೀಸು ಕೊಡಬೇಕಾದದ್ದು ಎರಡನೆಯ ಬಗೆಯ ಪ್ರಶ್ನೆಗೆ.

ಎರಡೂ ಬೆರೆತರೆ ಏನಾಗುತ್ತದೆ ಎನ್ನುವುದಕ್ಕೆ ನೆರಳಿನ ವಿಷಯವೇ ಸಾಕು. ರೊಬಸ್ಟಾದಲ್ಲಿ ಪಳಗಿದ ಸಲಹೆಗಾರರೊಬ್ಬರು ನಮ್ಮ ಅರೇಬಿಕಾ ಪಟ್ಟೆಯ ನಡುವೆ ನಿಂತು, ಮರಗಸಿ ಜೋರಾಗಿ ಮಾಡಿಸಿ, ಬೆಳಕು ಬಂದರೆ ಫಸಲು ಏರುತ್ತದೆ ಎಂದರು. ಜೊತೆಗಿದ್ದ ಮೇಸ್ತ್ರಿ, ‘ಸಾರ್, ಇಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳ್ತದೆ. ಮರ ಬೋಳಿಸಿದ್ರೆ ಬೋರರ್ ಬಂದೇ ಬರ್ತದೆ’ ಎಂದ. ಮೇಸ್ತ್ರಿಯ ಮಾತು ಬಾಳೆಹೊನ್ನೂರಿನವರ ಮಾತೇ. ಬಿಳಿ ಕಾಂಡಕೊರಕದ ದುಂಬಿಗೆ ಬಿಸಿಲು ಬಿದ್ದ ಕಾಂಡ ಇಷ್ಟ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅದು ಹಾರಾಡಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹುಳು ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡುವುದೇ ಗತಿ. ರೊಬಸ್ಟಾಕ್ಕೆ ಈ ಕಾಟ ಅಷ್ಟಿಲ್ಲ. ಸಲಹೆಗಾರರ ಲೆಕ್ಕ ಅವರ ಊರಿಗೆ ಸರಿ, ನಮ್ಮ ಇಳಿಜಾರಿಗೆ ಅಲ್ಲ. ಸಲಹೆಗಾರರು ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಮೇಸ್ತ್ರಿಯನ್ನು ಮಾತಾಡಿಸುತ್ತಾರೋ ಇಲ್ಲವೋ ಎಂದು ಮೊದಲ ದಿನವೇ ಗಮನಿಸಬೇಕೆನ್ನುವುದು ಇದಕ್ಕೇ. ಮನೆಯಲ್ಲಿ ಖರ್ಚಿನ ಪುಸ್ತಕ ಬರೆಯುವವರು ಹೆಂಗಸರಾದರೆ ಅವರನ್ನೂ ಕೂರಿಸಿಕೊಂಡು ಕೇಳಬೇಕು.

ಇನ್ನೊಂದು, ಅವರಿಗೆ ಸಂಬಳ ಯಾರದು ಎಂಬುದು. ಗೊಬ್ಬರ, ಔಷಧಿ ಮಾರುವವರು ಸಲಹೆಗೆ ಕಾಸು ಕೇಳುವುದಿಲ್ಲ. ಅದರ ಬೆಲೆ ಬಿಲ್ಲಿನಲ್ಲಿ ಸೇರಿರುತ್ತದೆ. ನಮಗೊಮ್ಮೆ ಒಂದೇ ಕಂಪನಿಯ ಸೂಕ್ಷ್ಮ ಪೋಷಕಾಂಶಗಳ ಉದ್ದನೆಯ ಪಟ್ಟಿ ಸಿಕ್ಕಿತ್ತು. ಮಣ್ಣು ಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಮಳೆಗೆ ತೊಳೆದು ಹುಳಿಯಾದ ಆ ನೆಲಕ್ಕೆ ಮೊದಲು ಬೇಕಿದ್ದದ್ದು ಸುಣ್ಣ.

ಹಾಗಾದರೆ ಒಳ್ಳೆಯ ಸಲಹೆಗಾರರು ಏನು ಮಾಡುತ್ತಾರೆ? ಚೆಕ್‌ರೋಲ್ ಬಿಡಿಸುತ್ತಾರೆ. ಕಳೆ, ಗಿಡ ಕಸಿ, ಕಂಬಚಿಗುರು, ಕುಯ್ಲು ಎಂದು ಕೆಲಸವಾರು, ಪಟ್ಟೆವಾರು ಆಳಿನ ಲೆಕ್ಕ ಬರೆಸುತ್ತಾರೆ. ಎಕರೆಗೆಷ್ಟು ಖರ್ಚು ಎನ್ನುವುದನ್ನು ಬಿಟ್ಟು ಮೂಟೆಗೆಷ್ಟು ಎಂದು ಕೇಳುತ್ತಾರೆ. ಆಗ ತೋಟದ ಮುಖವೇ ಬೇರೆ ಕಾಣುತ್ತದೆ: ಗಿಡ ಸತ್ತು ಖಾಲಿ ಬಿದ್ದ ಕಡಿದಾದ ಪಟ್ಟೆಯೊಂದು ಉಳಿದ ಪಟ್ಟೆಗಳ ಲಾಭವನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ. ಮಾರಾಟದಲ್ಲೂ ಹಾಗೆಯೇ. 50 ಕೆ.ಜಿ.ಯ ರೊಬಸ್ಟಾ ಚೆರಿ ಮೂಟೆಗೆ 25 ಕೆ.ಜಿ. ಬೀಜ ಬರುವುದಕ್ಕೂ 27 ಬರುವುದಕ್ಕೂ ನೂರು ಮೂಟೆಗೆ 200 ಕೆ.ಜಿ. ವ್ಯತ್ಯಾಸ. ಔಟ್‌ಟರ್ನ್ ನೋಡದೆ, ತೇವಾಂಶ ಅಳೆಯದೆ, ಕಣದ ಮೇಲೇ ಮೂಟೆ ಲೆಕ್ಕದಲ್ಲಿ ಕೊಟ್ಟರೆ ಕೈತಪ್ಪುವುದು ನಾಲ್ಕು ಮೂಟೆ ಬೀಜ. ಇದನ್ನು ತೋರಿಸಿಕೊಟ್ಟವರಿಗೆ ಫೀಸು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಹೆದರಿಸಿ ಮಾರುವ ಸಲಹೆ ಬೇರೆಯೇ ಒಂದು ಬಗೆ. 2023ರಲ್ಲಿ ಬಂದ ಐರೋಪ್ಯ ಒಕ್ಕೂಟದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ತೋಟ ಇರುವ ಜಾಗದ ಗುರುತು ಕೊಡಬೇಕು. ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ತೋಟದ ಸುತ್ತಳತೆಯ ನಕ್ಷೆ ಬೇಕಾಗುವುದು 4 ಹೆಕ್ಟೇರಿಗಿಂತ ದೊಡ್ಡ ಜಾಗಕ್ಕೆ. ಅದಕ್ಕಿಂತ ಚಿಕ್ಕದಕ್ಕೆ ಅಕ್ಷಾಂಶ, ರೇಖಾಂಶದ ಒಂದೇ ಬಿಂದು ಸಾಕು, ಅದನ್ನು ಮೊಬೈಲಿನಲ್ಲೇ ತೆಗೆಯಬಹುದು. ನಕ್ಷೆಗೆಂದು ದೊಡ್ಡ ಮೊತ್ತ ಕೇಳುವವರ ಮುಂದೆ ಎಂಟು ಎಕರೆಯ ಬೆಳೆಗಾರರು ಇಷ್ಟನ್ನು ಹೇಳಿದರೆ ಸಾಕು.

ಕರಾರು ಬರೆಯುವಾಗ ಅವಧಿ ಒಂದು ಪೂರ್ತಿ ಸುತ್ತಿನದ್ದಾಗಿರಲಿ: ಕುಯ್ಲು ಮುಗಿದ ಮೇಲಿನ ಗಿಡ ಕಸಿಯಿಂದ ಮುಂದಿನ ಫಸಲು ಮಾರುವವರೆಗೆ. ಫೀಸು ಹಂತಹಂತವಾಗಿ ಹೋಗಲಿ. ಫಸಲು ಹೆಚ್ಚಾದರೆ ಅದರಲ್ಲಿ ಪಾಲು ಎಂಬ ಷರತ್ತು ಬಂದರೆ ಬಹಳ ಎಚ್ಚರ ಬೇಕು. ಅರೇಬಿಕಾ ಒಂದು ವರ್ಷ ಹೇರಳವಾಗಿ ಬಿಟ್ಟು ಮರುವರ್ಷ ಕುಗ್ಗುವ ಗಿಡ. ಕುಗ್ಗಿದ ವರ್ಷ ಕರೆಸಿಕೊಂಡ ಸಲಹೆಗಾರರಿಗೆ ಮುಂದಿನ ವರ್ಷದ ಏರಿಕೆ ತಾನಾಗಿಯೇ ಒದಗುತ್ತದೆ. ಹೂವಿನ ಮಳೆಯೂ ಅದರ ನಂತರದ ಬ್ಯಾಕಿಂಗ್ ಮಳೆಯೂ ಹೊತ್ತಿಗೆ ಬಿದ್ದರಂತೂ ಹೇಳಬೇಕಾಗಿಯೇ ಇಲ್ಲ. ಕಡೇಪಕ್ಷ ನಾಲ್ಕೈದು ವರ್ಷಗಳ ಸರಾಸರಿ ಹಿಡಿದು, ಅಕ್ಕಪಕ್ಕದ ತೋಟಗಳ ಫಸಲಿನೊಡನೆ ಹೋಲಿಸಿ ಲೆಕ್ಕ ಮಾಡುವುದೆಂದು ಕರಾರಿನಲ್ಲೇ ಬರೆಸಬೇಕು. ಸಲಹೆಗಾರರು ಹಿಂದೆ ಕೆಲಸ ಮಾಡಿದ ತೋಟವನ್ನು ನೋಡಲು ಹೋಗುವವರೂ ಅವರು ಬಿಟ್ಟು ಎರಡು–ಮೂರು ಫಸಲು ಕಳೆದ ಜಾಗವನ್ನೇ ಆರಿಸಿಕೊಂಡು, ಅಲ್ಲಿನ ರೈಟರ್ ಹತ್ತಿರ ಚೆಕ್‌ರೋಲ್ ಈಗಲೂ ಪಟ್ಟೆವಾರು ಬರೆಯುತ್ತಿದ್ದಾರಾ ಎಂದು ಕೇಳುವುದು ಒಳ್ಳೆಯದು.