ನೈರೋಬಿಯಲ್ಲಿರುವ ಮಕ್ಕಳ ಮನೆಗೆ ಹೊರಟವರಿಗೆ

ಮಗನಿಗೋ ಮಗಳಿಗೋ ಕೀನ್ಯಾದಲ್ಲಿ ಕೆಲಸ ಸಿಕ್ಕಿ ಸಂಸಾರ ನೈರೋಬಿಯಲ್ಲಿ ನೆಲೆಸಿದರೆ, ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದುಹೋಗುವ ಮಾತು ಬೇಗನೆ ಶುರುವಾಗುತ್ತದೆ. ಹೊರಟವರ ಮನಸ್ಸಿನಲ್ಲಿ ಇರುವುದು ಎರಡೇ: ಮೊಮ್ಮಕ್ಕಳು ಮತ್ತು ಸಿಂಹ. ಎರಡನ್ನೂ ಕಣ್ತುಂಬ ನೋಡಬಹುದು. ಆದರೆ ಪ್ರವಾಸವನ್ನು ಪೂರ್ತಿ ಸಫಾರಿಗೆ ಒಪ್ಪಿಸಿಬಿಟ್ಟರೆ ಮಕ್ಕಳು ದಿನವೂ ಬದುಕುವ ಊರು ನೋಡದೆ ಉಳಿಯುತ್ತದೆ. "ಅಷ್ಟು ದೂರದಲ್ಲಿ ಹೇಗಿದ್ದಾರೋ" ಎನ್ನುವ ಹಿರಿಯರ ಆತಂಕ ಕಳೆಯುವುದು, ಮಕ್ಕಳು ತರಕಾರಿ ಕೊಳ್ಳುವ ಅಂಗಡಿ, ಶಾಲೆಯ ದಾರಿ, ಭಾನುವಾರ ಸುತ್ತುವ ಕಾಡು ಇವನ್ನು ತಾವೇ ಕಂಡಾಗ. ಹಾಗಾಗಿ ನನ್ನ ಸಲಹೆ ಇಷ್ಟು: ಕನಿಷ್ಠ ಮೂರು ವಾರ ಇಟ್ಟುಕೊಂಡು ಬನ್ನಿ, ಸಫಾರಿಗೆ ಮೂರು ನಾಲ್ಕು ದಿನ ಸಾಕು, ಉಳಿದದ್ದನ್ನು ಮನೆಗೂ ಊರಿಗೂ ಕೊಡಿ.

ಯಾವಾಗ ಬರಬೇಕು

ನೈರೋಬಿ ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ಸೆಕೆಯ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ನಮ್ಮ ಮಡಿಕೇರಿಗಿಂತಲೂ ಮೇಲೆ. ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಸಣ್ಣ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಮುಸುಕಿ ಚಳಿ ಹಿಡಿಯುತ್ತದೆ. ರಾತ್ರಿ ಹನ್ನೆರಡು ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮಂಡಿನೋವು, ಕೆಮ್ಮು ಇರುವವರು ಈ ತಿಂಗಳುಗಳನ್ನು ಬಿಟ್ಟು ಜನವರಿ, ಫೆಬ್ರವರಿಯಲ್ಲಿ ಬಂದರೆ ಒಳ್ಳೆಯ ಬಿಸಿಲು, ತಿಳಿ ಆಕಾಶ ಸಿಗುತ್ತದೆ.

ಮೊಮ್ಮಕ್ಕಳಿಗೆ ದೊಡ್ಡ ರಜೆ ಬರುವುದು ಏಪ್ರಿಲ್, ಆಗಸ್ಟ್ ಮತ್ತು ಡಿಸೆಂಬರ್‌ನಲ್ಲಿ. ಶಾಲೆಯಿಂದ ಶಾಲೆಗೆ ದಿನಾಂಕ ಬೇರೆಯಾಗುವುದರಿಂದ ಟಿಕೆಟ್ ತೆಗೆಯುವ ಮೊದಲು ಮಕ್ಕಳನ್ನು ಕೇಳಿ. ಸಾವಿರಾರು ವೈಲ್ಡ್‌ಬೀಸ್ಟ್‌ಗಳು ಮಸಾಯಿ ಮಾರಾಕ್ಕೆ ವಲಸೆ ಬರುವುದನ್ನು ನೋಡುವ ಆಸೆಯಿದ್ದರೆ ಜುಲೈನಿಂದ ಅಕ್ಟೋಬರ್ ಒಳಗೆ ಬರಬೇಕು. ರಜೆ, ವಲಸೆ ಎರಡೂ ಬೇಕೆಂದರೆ ಆಗಸ್ಟ್ ಸರಿ. ಸ್ವೆಟರ್, ಕಾಲುಚೀಲ ಮರೆಯಬೇಡಿ.

ಹೊರಡುವ ಮುನ್ನ

ಮೊದಲ ಕೆಲಸ ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಭಾರತಕ್ಕೆ ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಇದರ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರದ ಮಾನ್ಯತೆ ಇರುವ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ, ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿರಬೇಕು. ಒಮ್ಮೆ ಹಾಕಿಸಿದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರು ತಮ್ಮ ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ವೈದ್ಯರು ಬೇಡವೆಂದರೆ, ಹಿಂದಿರುಗುವಾಗಿನ ನಿಯಮವೇನೆಂದು ಲಸಿಕಾ ಕೇಂದ್ರದಲ್ಲೇ ಕೇಳಿ ತಿಳಿದು ಆಮೇಲೆ ಟಿಕೆಟ್ ತೆಗೆಯಿರಿ.

ಎರಡನೆಯದು ಪ್ರವೇಶದ ಅನುಮತಿ. 2024ರ ಜನವರಿಯಿಂದ ಕೀನ್ಯಾ ವೀಸಾ ಪದ್ಧತಿ ಬಿಟ್ಟು ಇ-ಟಿಎ ಎಂಬ ಆನ್‌ಲೈನ್ ಅನುಮತಿ ತಂದಿದೆ. ಪಾಸ್‌ಪೋರ್ಟ್, ಹೋಗಿಬರುವ ಟಿಕೆಟ್, ಉಳಿದುಕೊಳ್ಳುವ ವಿಳಾಸ ಕೊಟ್ಟು ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಅರ್ಜಿ ಹಾಕಿ. ಹೆಚ್ಚು ಹಣ ಕೀಳುವ ಮಧ್ಯವರ್ತಿ ತಾಣಗಳೂ ಇವೆ. ಮಕ್ಕಳ ಮನೆಯಲ್ಲಿ ಇಳಿದುಕೊಳ್ಳುವವರು ಅವರಿಂದ ಒಂದು ಆಹ್ವಾನ ಪತ್ರ, ಅವರ ವಾಸದ ಪರವಾನಗಿಯ ಪ್ರತಿ ತರಿಸಿಟ್ಟುಕೊಂಡರೆ ಕೆಲಸ ಸಲೀಸು.

ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಸುಮಾರು ಆರು ಗಂಟೆಯ ಹಾದಿ. ಬೆಂಗಳೂರಿನಿಂದ ಅಡಿಸ್ ಅಬಾಬಾ ಅಥವಾ ಕೊಲ್ಲಿಯ ಊರುಗಳ ಮೂಲಕವೂ ಬರಬಹುದು. ವಯಸ್ಸಾದವರು ಟಿಕೆಟ್ ಜೊತೆಗೇ ಗಾಲಿಕುರ್ಚಿಯ ನೆರವು ಕೇಳಿಬಿಡಿ. ನಡುವೆ ವಿಮಾನ ಬದಲಿಸುವಾಗ ಕೈಹಿಡಿದು ದಾಟಿಸುವವರೊಬ್ಬರು ಸಿಗುತ್ತಾರೆ. ಪ್ರಯಾಣದ ವಿಮೆ ಮಾಡಿಸಿ. ಮಾತ್ರೆಗಳನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ.

ಪೆಟ್ಟಿಗೆಯಲ್ಲಿ ಏನಿರಲಿ

2017ರ ಆಗಸ್ಟ್‌ನಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ದಂಡವೂ ಕಠಿಣ. ನಮ್ಮ ಕಡೆ ಸೀರೆಗೊಂದು ಕವರು, ಚಪ್ಪಲಿಗೊಂದು ಕವರು, ಹಪ್ಪಳಕ್ಕೆ ಎರಡು ಕವರು ಎಂದು ಕಟ್ಟುವ ರೂಢಿ. ಅದನ್ನು ಬಿಟ್ಟು ಬಟ್ಟೆಯ ಚೀಲ, ಡಬ್ಬಿಗಳಲ್ಲಿ ತುಂಬಿ. ದಾರಿಯಲ್ಲಿ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲವನ್ನೂ ನೈರೋಬಿಯಲ್ಲಿ ಇಳಿಯುವ ಮುನ್ನ ಬಿಟ್ಟುಬಿಡಿ. ಅಭಯಾರಣ್ಯಗಳ ಒಳಗೆ 2020ರಿಂದ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಗೂ ಪ್ರವೇಶವಿಲ್ಲ, ಆದ್ದರಿಂದ ಸ್ಟೀಲಿನ ಬಾಟಲಿ ಜೊತೆಗಿರಲಿ.

ತೊಗರಿಬೇಳೆ, ಅಕ್ಕಿ, ರವೆ, ಉದ್ದು, ಇಂಗು ಹೊತ್ತು ತರಬೇಕಿಲ್ಲ. ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್, ಎನ್‌ಗಾರಾ ಕಡೆಯ ಭಾರತೀಯ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ. ಸಿಗದಿರುವುದು ಮನೆಯ ಹದದ ಹುಳಿಪುಡಿ, ಬ್ಯಾಡಗಿ ಮೆಣಸಿನಕಾಯಿ, ಚಟ್ನಿಪುಡಿ, ಚಿಕೋರಿ ಬೆರೆಸಿದ ಕಾಫಿಪುಡಿ. ಅವನ್ನು ತನ್ನಿ, ಮಕ್ಕಳು ಕಾಯುತ್ತಿರುತ್ತಾರೆ. ಗಿಡ, ಬಿತ್ತನೆಬೀಜ, ಹಸಿ ಹಣ್ಣುಗಳಿಗೆ ಪರವಾನಗಿ ಬೇಕು, ತರಬೇಡಿ. ಇಲ್ಲಿಯ ಪ್ಲಗ್ಗಿಗೆ ಚಪ್ಪಟೆಯಾದ ಮೂರು ಕಡ್ಡಿ. ಒಂದು ಅಡಾಪ್ಟರ್ ಇಟ್ಟುಕೊಳ್ಳಿ.

ಮನೆಯ ದಿನಚರಿಯೊಳಗೆ

ನಮ್ಮಂಥ ಕುಟುಂಬಗಳು ಹೆಚ್ಚಾಗಿ ಕಾವಲಿರುವ ಕಾಂಪೌಂಡಿನೊಳಗಿನ ಮನೆಗಳಲ್ಲಿ ಇರುತ್ತವೆ. ಹಡಾಡಾ ಎಂಬ ಉದ್ದ ಕೊಕ್ಕಿನ ಹಕ್ಕಿ ತಾರಸಿಯ ಮೇಲೆ ಕೂತು ಕಿರುಚಿದರೆ ಬೆಳಗಾಯಿತೆಂದು ಅರ್ಥ. ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಆರೂವರೆಗೆ ಬೆಳಕು, ಸಂಜೆ ಆರೂವರೆ ಕಳೆಯುತ್ತಲೇ ಕತ್ತಲು. ವಾಹನ ದಟ್ಟಣೆ ಹೆಚ್ಚಿರುವುದರಿಂದ ಶಾಲೆಯ ವ್ಯಾನು ಬೇಗ ಬಂದುಬಿಡುತ್ತದೆ. ಅದು ಹೊರಟ ಮೇಲಿನ ಮುಂಜಾನೆ ಹಿರಿಯರು ಕಾಂಪೌಂಡಿನೊಳಗೆ ನಾಲ್ಕು ಸುತ್ತು ನಡೆಯಲು ಸೊಗಸಾದ ಹೊತ್ತು.

ಗೇಟಿನ ಕಾವಲುಗಾರನನ್ನು ಇಲ್ಲಿ ಅಸ್ಕರಿ ಎನ್ನುತ್ತಾರೆ. ಅವರಿಗೂ ಮನೆಕೆಲಸಕ್ಕೆ ಬರುವವರಿಗೂ ಮೊದಲು "ಹಬಾರಿ" ಎಂದು ಕ್ಷೇಮ ವಿಚಾರಿಸಿ, ಆಮೇಲೆ ಮಾತು ತೆಗೆಯಿರಿ. ಕುಶಲ ಕೇಳದೆ ನೇರ ಕೆಲಸದ ಮಾತಿಗೆ ಇಳಿಯುವುದು ಇಲ್ಲಿ ಒರಟುತನ. "ಅಸಾಂಟೆ" ಎಂದರೆ ವಂದನೆ. ಹಿರಿಯ ಗಂಡಸರನ್ನು ಗೌರವದಿಂದ "ಮ್ಜೇ" ಎಂದು ಕರೆಯುತ್ತಾರೆ, ಅಜ್ಜಿಯರಿಗೆ "ಶೋಶೋ". ನಿಮ್ಮನ್ನೂ ಎರಡೇ ದಿನದಲ್ಲಿ ಹಾಗೆ ಕರೆಯಲು ಶುರುಮಾಡುತ್ತಾರೆ.

ರಸ್ತೆಯ ಮೂಲೆಯಲ್ಲಿ ತರಕಾರಿ ಮಾರುವ ಹೆಂಗಸಿಗೆ "ಮಾಮಾ ಎಂಬೋಗಾ" ಎಂದು ಹೆಸರು. ಒಂದು ದಿನ ಅವಳ ಅಂಗಡಿಯ ಮುಂದೆ ಸಾವಕಾಶವಾಗಿ ನಿಲ್ಲಿ. ಮರದ ಹಲಗೆಯ ಮೇಲೆ ಟೊಮ್ಯಾಟೊ ಸಣ್ಣ ಗೋಪುರಗಳಾಗಿ ಕೂತಿರುತ್ತವೆ. ತೂಕವಿಲ್ಲ, ಗೋಪುರಕ್ಕಿಷ್ಟು ಎಂದು ಬೆಲೆ. ಸುಕುಮಾ ವಿಕಿ ಎಂಬ ದಪ್ಪ ಎಲೆಯ ಸೊಪ್ಪನ್ನು ಒತ್ತಾಗಿ ಸುತ್ತಿ ಎಡಗೈಯಲ್ಲಿ ಹಿಡಿದು, ಹಲಗೆಯಿಲ್ಲದೆ ಚಾಕುವಿನಿಂದ ಎಳೆ ಎಳೆಯಾಗಿ ಹೆಚ್ಚುತ್ತಾಳೆ. ಕಣ್ಣು ಗಿರಾಕಿಯ ಮೇಲೆ, ಮಾತು ಪಕ್ಕದವಳ ಜೊತೆ, ಹೆಚ್ಚಿದ ಸೊಪ್ಪು ಒಂದೇ ಸಮ. ದಂಟು, ಅಲಸಂದೆ ಸೊಪ್ಪು, ನಮ್ಮ ಗಣಿಕೆ ಸೊಪ್ಪಿನ ಜಾತಿಯ "ಮನಾಗು" ಎಲ್ಲ ಅಲ್ಲಿವೆ. ನಮ್ಮ ಅಮ್ಮಂದಿರು ಅಲ್ಲಿಂದ ಬರಿಗೈಲಿ ಬಂದದ್ದಿಲ್ಲ.

ರಾಗಿಗೆ ಇಲ್ಲಿ "ವಿಂಬಿ" ಎನ್ನುತ್ತಾರೆ. ಈ ಧಾನ್ಯದ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ಇಲ್ಲಿಂದ ನಮ್ಮ ಕಡೆಗೆ ಬಂದದ್ದು. ಇಲ್ಲಿಯವರು ಅದರ ಗಂಜಿ ಕಾಯಿಸಿ ಕುಡಿಯುತ್ತಾರೆ. ಮುದ್ದೆಗೆ ಕೊಳ್ಳುವಾಗ ಬರೀ ವಿಂಬಿಯ ಹಿಟ್ಟೇ ಎಂದು ನೋಡಿಕೊಳ್ಳಿ. ಜೋಳ, ಮರಗೆಣಸು ಬೆರೆಸಿದ ಗಂಜಿಹಿಟ್ಟೂ ಅದೇ ಕಪಾಟಿನಲ್ಲಿರುತ್ತದೆ. ಇಲ್ಲಿಯ ಜನರ ನಿತ್ಯದ ಊಟ ಉಗಾಲಿ, ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತೊಳಸಿದ್ದು. ಸುಕುಮಾ ಪಲ್ಯದ ಜೊತೆ ಒಮ್ಮೆಯಾದರೂ ಉಣ್ಣಿ.

ದುಡ್ಡಿನ ವ್ಯವಹಾರವೆಲ್ಲ ಎಂ-ಪೆಸಾದಲ್ಲಿ. 2007ರಲ್ಲಿ ಶುರುವಾದ ಈ ಮೊಬೈಲ್ ಹಣ ಇಂದು ತರಕಾರಿಯವಳಿಂದ ಆಸ್ಪತ್ರೆಯವರೆಗೆ ಎಲ್ಲ ಕಡೆ ನಡೆಯುತ್ತದೆ. ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಪಡೆದು ಮಕ್ಕಳ ಸಹಾಯದಿಂದ ಎಂ-ಪೆಸಾ ಮಾಡಿಸಿಕೊಳ್ಳಿ. ಸಣ್ಣ ಖರ್ಚಿಗೂ ಮಗನ ಮುಖ ನೋಡುವುದು ತಪ್ಪುತ್ತದೆ.

ಊರೊಳಗೇ ನೋಡುವುದು

ಊರಿನ ನಡುವೆಯೇ ಸುಮಾರು ಸಾವಿರ ಹೆಕ್ಟೇರಿನ ಕರೂರಾ ಕಾಡಿದೆ. 1990ರ ದಶಕದ ಕೊನೆಗೆ ಇದನ್ನು ಹಂಚಿ ಕಟ್ಟಡ ಕಟ್ಟಲು ಹೊರಟಾಗ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯಿ ಎದ್ದುನಿಂತರು. 1999ರಲ್ಲಿ ಸಸಿ ನೆಡಲು ಬಂದಾಗ ಏಟು ತಿಂದು ರಕ್ತ ಸುರಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇಂದು ಮಕ್ಕಳು ಸೈಕಲ್ ಹೊಡೆಯುವ, ಹಿರಿಯರು ಜಲಪಾತದವರೆಗೆ ನಡೆಯುವ ಈ ನೆರಳು ಅವರ ಹೋರಾಟದಿಂದ ಉಳಿದದ್ದು. ಮೊಮ್ಮಕ್ಕಳಿಗೆ ಆ ಕಥೆ ಹೇಳುತ್ತ ನಡೆಯಿರಿ. ತಿಂಡಿಯ ಡಬ್ಬಿ ಮಾತ್ರ ಕೋತಿಗಳಿಂದ ಕಾಪಾಡಿಕೊಳ್ಳಬೇಕು.

ಶೆಲ್ಡ್ರಿಕ್ ಟ್ರಸ್ಟ್‌ನ ಆನೆಮರಿಗಳ ಆಸರೆ ತಪ್ಪಿಸಲೇಬಾರದ ಜಾಗ. ತಾಯಿ ಕಳೆದುಕೊಂಡ ಮರಿಗಳನ್ನು ಇಲ್ಲಿ ಸಾಕಿ, ಬೆಳೆದ ಮೇಲೆ ತ್ಸಾವೋ ಕಾಡಿನ ಕಡೆಗೆ ಕಳಿಸುತ್ತಾರೆ. ಸಾರ್ವಜನಿಕರಿಗೆ ಬೆಳಗಿನ ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ಅವಕಾಶ, ಬಹಳ ಮೊದಲೇ ಕಾಯ್ದಿರಿಸಬೇಕು. ಹಸಿರು ಕೋಟಿನ ಪಾಲಕರು ದೊಡ್ಡ ಹಾಲಿನ ಬಾಟಲಿ ಹಿಡಿದು ನಿಂತಿರುತ್ತಾರೆ. ಮರಿಗಳು ಪೊದೆಗಳ ನಡುವಿನಿಂದ ಕಿವಿ ಬೀಸುತ್ತ ಓಡಿಬಂದು ಬಾಟಲಿಗೆ ಬಾಯಿ ಹಚ್ಚುತ್ತವೆ. ಕೆಲವು ಸೊಂಡಿಲಿನಿಂದ ತಾವೇ ಬಾಟಲಿ ಎತ್ತಿ ಹಿಡಿಯುತ್ತವೆ. ಕುಡಿದು ಮುಗಿಸಿ ಕೆಂಪು ಕೆಸರಿನಲ್ಲಿ ಹೊರಳಾಡುತ್ತವೆ. ಹಗ್ಗದ ಪಕ್ಕ ನಿಂತವರ ಬಟ್ಟೆಗೂ ಕೆಸರು ಸಿಡಿಯುತ್ತದೆ, ಒಳ್ಳೆಯ ಸೀರೆ ಉಟ್ಟು ಹೋಗಬೇಡಿ. ಆ ದಿನ ಮಧ್ಯಾಹ್ನ ಲಂಗಾಟಾದ ಜಿರಾಫ್ ಕೇಂದ್ರವನ್ನೂ ಸೇರಿಸಿಕೊಳ್ಳಿ. ಎತ್ತರದ ಜಗುಲಿಯಿಂದ ಜಿರಾಫೆಗೆ ಕೈಯಾರೆ ತಿನ್ನಿಸಬಹುದು.

ನೈರೋಬಿ ರಾಷ್ಟ್ರೀಯ ಉದ್ಯಾನ 1946ರಲ್ಲಿ ಆದದ್ದು, 117 ಚದರ ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಗೇಟು ತೆರೆಯುವಾಗಲೇ ಅಲ್ಲಿದ್ದರೆ ಸಿಂಹ, ಘೇಂಡಾಮೃಗ ಕಾಣುವ ಸಾಧ್ಯತೆ ಹೆಚ್ಚು. ಅವುಗಳ ಬೆನ್ನ ಹಿಂದೆಯೇ ಊರಿನ ಎತ್ತರದ ಕಟ್ಟಡಗಳು. ಇಲ್ಲಿ ಕಾಡಾನೆಗಳಿಲ್ಲ. ಉದ್ಯಾನಗಳ ಶುಲ್ಕ ವಾಸದ ಪರವಾನಗಿ ಇರುವ ಮಕ್ಕಳಿಗೆ ಕಡಿಮೆ, ನಿಮಗೆ ಹೆಚ್ಚು. ದರ ಬದಲಾಗುತ್ತಿರುತ್ತದೆ, ಆನ್‌ಲೈನಿನಲ್ಲೇ ಕಟ್ಟಬೇಕು.

ಒಂದು ಮಧ್ಯಾಹ್ನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕೊಡಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಹಳಿ ಹಾಕಲು ಭಾರತದಿಂದ ಬಂದ ಕೂಲಿಗಳು ಸುಮಾರು 32,000. ಅವರಲ್ಲಿ ಸುಮಾರು 2,500 ಜನ ಇಲ್ಲೇ ಮಡಿದರು. 1899ರಲ್ಲಿ ಆ ರೈಲಿನ ತಂಗುದಾಣವಾಗಿ ಹುಟ್ಟಿದ ಊರು ನೈರೋಬಿ. 2017ರಲ್ಲಿ ಕೀನ್ಯಾ ಸರ್ಕಾರ ಭಾರತೀಯ ಮೂಲದ ತನ್ನ ಪ್ರಜೆಗಳನ್ನು ದೇಶದ 44ನೆಯ ಬುಡಕಟ್ಟು ಎಂದು ಮಾನ್ಯ ಮಾಡಿತು. ಇಂದು ಮಕ್ಕಳು ಇಲ್ಲಿ ಗೌರವದಿಂದ ಬದುಕುವುದಕ್ಕೆ ಆ ಕೂಲಿಗಳ ಬೆವರೂ ಕಾರಣ. ಅಲ್ಲಿಂದ ಸಂಜೆಗೆ ಸ್ವಾಮಿನಾರಾಯಣ ಮಂದಿರ ನೋಡಿ, ಪಾರ್ಕ್‌ಲ್ಯಾಂಡ್ಸ್‌ನ ಡೈಮಂಡ್ ಪ್ಲಾಜಾದಲ್ಲಿ ತಿಂಡಿ ತಿಂದು ಮನೆಗೆ ಮರಳಬಹುದು.

ಒಂದು ದಿನದ ಓಡಾಟ

ಲಿಮೂರು ಕಡೆಯ ಚಹಾ ತೋಟಗಳು ಅರ್ಧ ದಿನದ ದಾರಿ. ಕೀನ್ಯಾದಲ್ಲಿ ಮೊದಲ ಚಹಾ ಗಿಡ ನೆಟ್ಟದ್ದು ಅಲ್ಲೇ, 1903ರಲ್ಲಿ. ತೋಟ ತೋರಿಸಿ ಊಟ ಹಾಕುವ ಮನೆತನಗಳಿವೆ, ಮೊದಲೇ ತಿಳಿಸಿದರೆ ಸಸ್ಯಾಹಾರ ಮಾಡಿಕೊಡುತ್ತಾರೆ.

ನೈವಾಶಾ ಸರೋವರ ಸುಮಾರು 90 ಕಿಲೋಮೀಟರ್. ದಾರಿಯಲ್ಲಿ ರಿಫ್ಟ್ ಕಣಿವೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿ ಕೆಳಗಿನ ಬಯಲನ್ನು ನೋಡಿ. ಸರೋವರದಲ್ಲಿ ದೋಣಿಯಲ್ಲಿ ಕೂತು ನೀರಾನೆ, ಮೀನುಹದ್ದು ನೋಡಬಹುದು. ಜೀವರಕ್ಷಕ ಜಾಕೆಟ್ ಎಲ್ಲರಿಗೂ ಇರಲಿ. ಕತ್ತಲಾದ ಮೇಲೆ ದಡದ ಕಡೆ ಹೋಗಲೇಬೇಡಿ, ನೀರಾನೆಗಳು ಮೇಯಲು ಮೇಲೆ ಬರುತ್ತವೆ. ಪಕ್ಕದ ಹೆಲ್ಸ್ ಗೇಟ್ ಉದ್ಯಾನದಲ್ಲಿ ಜೀಬ್ರಾಗಳ ನಡುವೆ ಸೈಕಲ್ ಹೊಡೆಯಲು ಅವಕಾಶವಿದೆ. ಅಲ್ಲಿನ ಕಿರುಕಣಿವೆಗೆ ಮಳೆಗಾಲದಲ್ಲಿ ಇಳಿಯಬಾರದು. ಹಠಾತ್ ನೆರೆ ಜೀವ ತೆಗೆದದ್ದುಂಟು.

ಸಫಾರಿ ಮತ್ತು ರೈಲು

ಹಿರಿಯರ ಜೊತೆ ಹೋಗುವುದಾದರೆ ನಾನು ಮೊದಲು ಹೇಳುವುದು ಅಂಬೊಸೆಲಿ. ರಸ್ತೆಯಲ್ಲಿ ನಾಲ್ಕು ಗಂಟೆಯ ಆಸುಪಾಸು, ಸಮತಟ್ಟಾದ ನೆಲ, ಆನೆಗಳ ಹಿಂಡು ಹತ್ತಿರದಿಂದಲೇ ಕಾಣುತ್ತದೆ. ಬೆಳಗಿನ ಜಾವ ಮೋಡವಿಲ್ಲದಿದ್ದರೆ ಗಡಿಯಾಚೆಯ ಕಿಲಿಮಂಜಾರೊ, 5,895 ಮೀಟರ್, ಎದುರಿಗೇ ನಿಲ್ಲುತ್ತದೆ. ಮಸಾಯಿ ಮಾರಾ ಐದಾರು ಗಂಟೆಯ ದಾರಿ, ಕೊನೆಯ ಭಾಗ ಕುಲುಕಾಟ. ಬೆನ್ನುನೋವಿನವರು ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಹೋಗುವುದು ಮೇಲು. ಸಾಮಾನಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ, ಚೀಲ ಮೆತ್ತಗಿನದಾಗಿರಬೇಕು. ಮಾರಾ ಮತ್ತು ಕರಾವಳಿಯಲ್ಲಿ ಮಲೇರಿಯಾ ಇದೆ. ಊರಿನಲ್ಲೇ ವೈದ್ಯರಿಂದ ಮಾತ್ರೆಯ ಸಲಹೆ ಪಡೆದು ಬನ್ನಿ.

ಸಮುದ್ರ ಬೇಕೆನ್ನುವವರಿಗೆ 2017ರಲ್ಲಿ ಶುರುವಾದ ಮಡರಾಕಾ ಎಕ್ಸ್‌ಪ್ರೆಸ್ ಇದೆ. ಮೊಂಬಾಸಾಕ್ಕೆ ಐದಾರು ಗಂಟೆ. ತ್ಸಾವೋ ದಾಟುವಾಗ ಕಿಟಕಿಯಿಂದ ಆನೆಗಳು ಕಾಣಬಹುದು. ರಜೆಯಲ್ಲಿ ಟಿಕೆಟ್ ಬೇಗ ಮುಗಿಯುತ್ತದೆ. ತಪಾಸಣೆ ಬಿಗಿ, ಒಂದೂವರೆ ಗಂಟೆ ಮೊದಲೇ ನಿಲ್ದಾಣದಲ್ಲಿರಿ.

ಎಚ್ಚರವಿರಲಿ

ಕತ್ತಲಾದ ಮೇಲೆ ರಸ್ತೆಯಲ್ಲಿ ನಡೆಯಬೇಡಿ. ಕಾರಿನ ಕಿಟಕಿ ಏರಿಸಿಡಿ, ಸಿಗ್ನಲ್ಲಿನಲ್ಲಿ ಫೋನ್ ಹೊರಗೆ ಹಿಡಿಯಬೇಡಿ, ಚಿನ್ನ ಮನೆಯಲ್ಲಿರಲಿ. ಓಡಾಟಕ್ಕೆ ಆ್ಯಪ್ ಮೂಲಕ ಟ್ಯಾಕ್ಸಿ ಕರೆಸಿ. ಬೊಡಾ ಬೊಡಾ ಎಂಬ ಬಾಡಿಗೆ ಬೈಕು ಹಿರಿಯರಿಗೆ ಬೇಡ. ಪೊಲೀಸರು, ಸರ್ಕಾರಿ ಕಟ್ಟಡಗಳ ಫೋಟೊ ತೆಗೆಯಬಾರದು. ಜನರ ಫೋಟೊ ಅವರನ್ನು ಕೇಳಿ ತೆಗೆಯಬೇಕು. ನಲ್ಲಿಯ ನೀರನ್ನು ಕುದಿಸದೆ ಕುಡಿಯಬೇಡಿ.

ಮೂರು ವಾರದ ಹಂಚಿಕೆ

ಮೊದಲ ವಾರ ಎತ್ತರಕ್ಕೂ ಎರಡೂವರೆ ಗಂಟೆಯ ಸಮಯ ವ್ಯತ್ಯಾಸಕ್ಕೂ ಮೈ ಒಗ್ಗಲಿ: ಮನೆ, ಮಾರುಕಟ್ಟೆ, ಕರೂರಾ, ಮಂದಿರ. ಎರಡನೆಯ ವಾರ ಆನೆಮರಿ, ಜಿರಾಫ್, ಉದ್ಯಾನ, ವಾರಾಂತ್ಯಕ್ಕೆ ನೈವಾಶಾ. ಮೂರನೆಯ ವಾರದ ಆರಂಭದಲ್ಲಿ ಸಫಾರಿ ಅಥವಾ ಮೊಂಬಾಸಾ, ಎರಡರಲ್ಲಿ ಒಂದು. ಹೊರಡುವ ಮುನ್ನಿನ ಎರಡು ದಿನ ಯಾವ ಕಾರ್ಯಕ್ರಮವೂ ಬೇಡ; ಮೊಮ್ಮಕ್ಕಳು ಎಲ್ಲಿಗೆ ಎನ್ನುತ್ತಾರೋ ಅಲ್ಲಿಗೆ. ಕಾಯ್ದಿರಿಸುವ ಕೆಲಸದ ಕ್ರಮ ನೆನಪಿರಲಿ: ಮೊದಲು ವೈದ್ಯರ ಸಲಹೆ ಮತ್ತು ಲಸಿಕೆ, ಆಮೇಲೆ ವಿಮಾನದ ಟಿಕೆಟ್, ಇ-ಟಿಎ, ಆನೆಮರಿಗಳ ಭೇಟಿ, ಕೊನೆಗೆ ಸಫಾರಿ. ಇಷ್ಟನ್ನು ಎರಡು ತಿಂಗಳು ಮುಂಚೆ ಶುರುಮಾಡಿದರೆ ಮಕ್ಕಳೂ ತಮ್ಮ ರಜೆಯನ್ನು ನಿಮಗಾಗಿ ಎತ್ತಿಡಬಹುದು.