ಕೊಟ್ಟಾಗ ನಡೆಯುತ್ತಿತ್ತು, ತಂದ ಮೇಲೆ ಕಣ್ಣು ಬಿಡಲಿಲ್ಲ

ಬದನವಾಳಿನ ಒಬ್ಬ ಪದವಿ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳೋಣ. ಅವಳ ಲ್ಯಾಪ್‌ಟಾಪಿನ ನಾಲ್ಕು ಕೀಗಳು ಒತ್ತಿದರೂ ಅಕ್ಷರ ಮೂಡಿಸುತ್ತಿರಲಿಲ್ಲ. ನಂಜನಗೂಡಿನ ಒಂದು ಅಂಗಡಿಗೆ ಒಯ್ದು, ₹2,200 ಕೊಟ್ಟು ಹೊಸ ಕೀಬೋರ್ಡ್ ಹಾಕಿಸಿದಳು. ಸಂಜೆ ಮನೆಗೆ ತಂದು ಪವರ್ ಬಟನ್ ಒತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಮಾರನೆಯ ದಿನ ಅಂಗಡಿಗೆ ಹೋದರೆ ಸಿಕ್ಕ ಉತ್ತರ: ‘ನಾವು ಕೀಬೋರ್ಡ್ ಹಾಕಿರೋದು ಅಷ್ಟೇ ಕಣಮ್ಮ. ಮದರ್‌ಬೋರ್ಡ್ ಹೋಗದೆ. ತಂದಾಗ್ಲೇ ಹಂಗಿತ್ತೇನೋ, ನಮಗೇನು ಗೊತ್ತು?’

ತಂದಾಗಲೇ ಹಾಗಿತ್ತೇ? ಇಡೀ ಜಗಳ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಅದಕ್ಕೆ ಉತ್ತರ ಕೊಡಬಲ್ಲ ಕಾಗದ ಕೈಯಲ್ಲಿದ್ದವರಿಗೆ ಕಾನೂನು ಬಲವಾಗಿ ಒದಗುತ್ತದೆ. ಕಾಗದವಿಲ್ಲದವರಿಗೂ ದಾರಿಯಿದೆ, ಆದರೆ ಅದು ಕಡಿದು.

ಈ ಕಾನೂನು ಬಟ್ಟೆ ನೇಯುವ ಊರಿಗೆ ಬೇಗ ಅರ್ಥವಾಗುವಂಥದ್ದು. ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ ಬಂದಿದ್ದರು. ಹೆಣ್ಣುಮಕ್ಕಳು ನೂಲುತ್ತ, ನೇಯುತ್ತ ಆ ಕೇಂದ್ರವನ್ನು ಉಳಿಸಿಕೊಂಡು ಬಂದರು. ನೇಯ್ದ ಬಟ್ಟೆ ದರ್ಜಿಯ ಕೈಗೆ ಹೋದಾಗ ಅದರ ಒಡೆಯರು ಯಾರು, ಹೊಣೆ ಯಾರದು ಎಂಬುದನ್ನು 1872ರ ಭಾರತೀಯ ಕರಾರು ಕಾಯ್ದೆ ಆಗಲೇ ಬಗೆಹರಿಸಿಟ್ಟಿದೆ. ಒಂದು ಕೆಲಸಕ್ಕಾಗಿ ವಸ್ತುವನ್ನು ಒಪ್ಪಿಸಿ, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವ ಏರ್ಪಾಡಿಗೆ ಕಾನೂನಿನ ಕನ್ನಡದಲ್ಲಿ ‘ನಿಕ್ಷೇಪ’ ಎನ್ನುತ್ತಾರೆ. ವಕೀಲರ ಬಾಯಲ್ಲಿ ಅದು ‘ಬೇಲ್‌ಮೆಂಟ್’. ದರ್ಜಿಗೆ ಕೊಟ್ಟ ಬಟ್ಟೆ, ಮೆಕ್ಯಾನಿಕ್‌ಗೆ ಕೊಟ್ಟ ಬೈಕು, ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪು ಎಲ್ಲವೂ ಒಂದೇ ಸಾಲಿನವು. ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟೇ ಜೋಪಾನವನ್ನು ಪರರ ವಸ್ತುವಿನ ಮೇಲೂ ತೋರಬೇಕು ಎನ್ನುತ್ತದೆ ಕಲಂ 151. ವಸ್ತು ತನ್ನ ವಶದಲ್ಲಿದ್ದಾಗ ಕೆಟ್ಟಿತೆಂದು ಕಂಡುಬಂದರೆ, ತಾನು ಅಷ್ಟು ಎಚ್ಚರ ವಹಿಸಿದ್ದೆ ಎಂದು ತೋರಿಸಬೇಕಾದದ್ದು ರಿಪೇರಿ ಮಾಡಿದವರೇ.

ಒಳ್ಳೆಯ ಕೆಲಸಗಾರನನ್ನೂ ಇದೇ ಕಾಯ್ದೆ ಕಾಪಾಡುತ್ತದೆ. ತಕ್ಕ ಎಚ್ಚರ ವಹಿಸಿಯೂ ವಸ್ತು ಹಾಳಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅವನು ಹೊಣೆಯಲ್ಲ ಎನ್ನುತ್ತದೆ ಕಲಂ 152. ನೀರು ಬಿದ್ದ ಬೋರ್ಡಿನ ಮೇಲೆ ಚಿಪ್ ಲೆವೆಲ್ ಕೆಲಸ ಮಾಡುವಾಗ ಇರುವ ಅಪಾಯ ನಿಜವಾದದ್ದು. ಅದನ್ನು ಮೊದಲೇ ಗಿರಾಕಿಗೆ ಬಿಡಿಸಿ ಹೇಳಿದವನ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಮಾಡಿದ ಕೆಲಸದ ಕೂಲಿ ಕೈಸೇರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಕಲಂ 170 ಅವನಿಗೆ ಕೊಟ್ಟಿದೆ. ಆ ಕಲಮಿನ ಅಡಿಯ ದೃಷ್ಟಾಂತವೇ ದರ್ಜಿಯದು: ಕೋಟು ಹೊಲಿದ ಕೂಡಲೇ ಕೊಡುತ್ತೇನೆ, ದುಡ್ಡನ್ನು ಮೂರು ತಿಂಗಳ ಒಳಗೆ ಕೊಡಿ ಎಂದು ದರ್ಜಿ ಒಪ್ಪಿದ್ದರೆ, ಆಮೇಲೆ ಕೂಲಿಗಾಗಿ ಕೋಟನ್ನು ತಡೆದಿಟ್ಟುಕೊಳ್ಳುವಂತಿಲ್ಲ. ‘ದುಡ್ಡು ನಿಧಾನಕ್ಕೆ ಕೊಡಿ’ ಎಂದು ಯಂತ್ರ ರಿಪೇರಿ ಮಾಡಿದ ಅಂಗಡಿಗೂ ಇದೇ ಲೆಕ್ಕ.

ಕಾನೂನಿನ ಮೆಟ್ಟಿಲು ಹತ್ತುವ ಮೊದಲು ಯಂತ್ರವನ್ನು ಒಮ್ಮೆ ಸಮಾಧಾನವಾಗಿ ನೋಡಬೇಕು. ಅಂಗಡಿಯವರ ಮೇಲೆ ದೂರು ಹೇಳಿ, ಆಮೇಲೆ ಚಾರ್ಜರ್ ಕೆಟ್ಟಿತ್ತೆಂದು ಗೊತ್ತಾದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ. ಬೇರೆ ಪ್ಲಗ್‌ನಲ್ಲಿ ಹಾಕಿ ಚಾರ್ಜಿಂಗ್ ದೀಪ ಬರುತ್ತದೆಯೇ ನೋಡುವುದು ಮೊದಲ ಹೆಜ್ಜೆ. ಬರದಿದ್ದರೆ ಅದೇ ಮಾದರಿಯ ಇನ್ನೊಂದು ಚಾರ್ಜರ್ ಹಾಕಿ ನೋಡಬೇಕು. ಆಮೇಲೆ ಚಾರ್ಜರ್ ಕಿತ್ತು, ಹೊರಗಿನಿಂದ ತೆಗೆಯಬಹುದಾದ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಸಿಕ್ಕಿಸಿ ಪ್ರಯತ್ನಿಸಬೇಕು. ಒಳಗೆ ಉಳಿದ ವಿದ್ಯುತ್ತಿನಿಂದ ಸ್ತಬ್ಧವಾದ ಯಂತ್ರ ಎಷ್ಟೋ ಸಲ ಇಷ್ಟಕ್ಕೇ ಏಳುತ್ತದೆ. ಕ್ಯಾಪ್ಸ್ ಲಾಕ್ ದೀಪ ಹೊತ್ತಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿದ್ದರೆ ಯಂತ್ರ ಸತ್ತಿಲ್ಲ. ಡಿಸ್‌ಪ್ಲೇ ಕೇಬಲ್ಲೋ, ರ್‍ಯಾಮೋ ಸರಿಯಾಗಿ ಕೂತಿಲ್ಲದಿರಬಹುದು.

ಕೀಬೋರ್ಡ್ ಬದಲಿಸಿದ ಮೇಲೆಯೇ ಆನ್ ಆಗದಿದ್ದರೆ ಅನುಮಾನ ಪಡಲು ಒಂದು ಗಟ್ಟಿ ಕಾರಣ ಇದೆ. ಹಲವು ಮಾದರಿಗಳಲ್ಲಿ ಪವರ್ ಬಟನ್ ಇರುವುದೇ ಕೀಬೋರ್ಡಿನ ಭಾಗವಾಗಿ. ಅದನ್ನು ಬೋರ್ಡಿಗೆ ಜೋಡಿಸುವ ತೆಳು ಪಟ್ಟಿಯಂಥ ಕೇಬಲ್ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಬಟನ್ ಕೆಲಸ ಮಾಡದು. ಕೆಲಸಕ್ಕೆ ಮುಂಚೆ ಬ್ಯಾಟರಿಯ ಕನೆಕ್ಟರ್ ಬಿಚ್ಚುವುದು ಸರಿಯಾದ ಪದ್ಧತಿ. ಮತ್ತೆ ಸಿಕ್ಕಿಸುವುದನ್ನು ಮರೆಯುವುದು ಸಾಮಾನ್ಯ ಮರೆವು. ಇವೆರಡೂ ಬೇಗ ಸರಿಹೋಗುವ ತಪ್ಪುಗಳು. ಹಾಗಾಗಿ ಮೊದಲ ದಿನವೇ ಅದೇ ಅಂಗಡಿಗೆ ಹೋಗಿ, ‘ಒಂದ್ಸಲ ಬಿಚ್ಚಿ ನೋಡಿ’ ಎಂದು ಕೇಳುವುದು ಜಾಣತನ. ಮನೆಯಲ್ಲಿ ಸ್ಕ್ರೂ ಬಿಚ್ಚಲೇಬಾರದು, ನೆಂಟರ ಹುಡುಗ ಎಷ್ಟೇ ಚುರುಕಾಗಿದ್ದರೂ. ಮೂರನೆಯವರ ಕೈ ಬಿದ್ದ ಮೇಲೆ ‘ನೀವೇ ಕೆಡಿಸಿಕೊಂಡಿರಿ’ ಎಂಬ ಮಾತಿಗೆ ಉತ್ತರ ಇರುವುದಿಲ್ಲ. ಬಟನ್ ಒತ್ತಿದರೂ ಆನ್ ಆಗದ ದೃಶ್ಯವನ್ನು, ಯಂತ್ರದ ಹಿಂಬದಿಯ ಸೀರಿಯಲ್ ನಂಬರ್ ಕಾಣುವಂತೆ, ಅದೇ ದಿನ ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಇಂಥದೇ ಒಂದು ವಿಡಿಯೊ ಯಂತ್ರವನ್ನು ಕೊಡುವ ಮುಂಚೆಯೂ ಇರಬೇಕಿತ್ತು. ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆನ್ ಮಾಡಿ ತೋರಿಸಿ, ಜಾಬ್ ಶೀಟಿನಲ್ಲಿ ‘ಆನ್ ಆಗುತ್ತಿದೆ, ಕೀಬೋರ್ಡ್ ದೋಷ ಮಾತ್ರ’ ಎಂದು ಬರೆಸಿಕೊಂಡರೆ ಮುಂದಿನ ಮುಕ್ಕಾಲು ವಾದ ಅಲ್ಲಿಗೇ ಮುಗಿಯುತ್ತದೆ. ಸೀರಿಯಲ್ ನಂಬರ್, ರ್‍ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಎಷ್ಟು, ಚಾರ್ಜರ್ ಕೊಟ್ಟಿದೆಯೇ, ಅಂದಾಜು ಖರ್ಚೆಷ್ಟು, ಯಾವ ದಿನ ವಾಪಸ್ ಎಂಬುದೂ ಅದರಲ್ಲಿರಲಿ. ಸಣ್ಣ ಅಂಗಡಿಯಲ್ಲಿ ಜಾಬ್ ಶೀಟ್ ಇಲ್ಲದಿದ್ದರೆ ಇಷ್ಟನ್ನೇ ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸಿ ‘ಸರಿ’ ಎಂಬ ಉತ್ತರ ಪಡೆದರೂ ಅದು ದಾಖಲೆಯೇ. ದುಡ್ಡು ಯುಪಿಐನಲ್ಲಿ ಹೋಗಿದ್ದರೆ ಅದೂ ಸಾಕ್ಷಿ. ಬಿಲ್ ಕೇಳಿದರೆ ‘ಬಿಲ್ ಬೇಕಾದ್ರೆ ಜಿಎಸ್‌ಟಿ ಸೇರ್ಸಿ ಕೊಡ್ಬೇಕಾಯ್ತದೆ’ ಎಂಬ ಮಾತು ಬರುವುದುಂಟು. ಆದರೆ ಸೇವೆಗೆ ಬಿಲ್ಲೋ ರಸೀದಿಯೋ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಎಣಿಸುತ್ತದೆ.

ಜಾಬ್ ಶೀಟಿಗೆ ಸಹಿ ಹಾಕುವ ಮೊದಲು ಓದಬೇಕು. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ಕೊರಿಯರ್ ನಡುವಿನ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂತು. ಪರಿಹಾರ ಇಂತಿಷ್ಟನ್ನು ಮೀರದು ಎಂದು ರವಾನೆ ಚೀಟಿಯಲ್ಲಿ ಅಚ್ಚಾಗಿತ್ತು, ಗ್ರಾಹಕರು ಸಹಿ ಮಾಡಿದ್ದರು. ಆ ಮಿತಿ ಗ್ರಾಹಕರಿಗೆ ಅನ್ವಯಿಸುತ್ತದೆ ಎಂದಿತು ಕೋರ್ಟ್. ಹಾಗಾಗಿ ‘ಯಾವುದಕ್ಕೂ ನಾವು ಜವಾಬ್ದಾರರಲ್ಲ’ ಎಂಬ ಸಾಲು ಕಂಡರೆ ಅಲ್ಲೇ ಕೇಳಿ, ಹೊಡೆದು ಹಾಕಿಸಿ ಸಹಿ ಮಾಡುವುದು ಕ್ಷೇಮ.

ಇನ್ನು, ದೂರು ಕೊಡುವ ಹಕ್ಕು ಯಾರಿಗಿದೆ? ಲ್ಯಾಪ್‌ಟಾಪನ್ನು ಸರ್ಕಾರ ಉಚಿತವಾಗಿ ಹಂಚಿದ್ದು, ತಾನು ಕೊಂಡದ್ದಲ್ಲವಲ್ಲ ಎಂದು ಹಿಂಜರಿಯುವ ವಿದ್ಯಾರ್ಥಿಗಳುಂಟು. ಹಿಂಜರಿಕೆ ಬೇಡ. ಕೊಂಡದ್ದು ರಿಪೇರಿಯ ಸೇವೆಯನ್ನು. ಅದಕ್ಕೆ ದುಡ್ಡು ಕೊಟ್ಟಿದ್ದರೆ ಗ್ರಾಹಕರೇ. ದುಡ್ಡು ಕೊಟ್ಟವರು ಅಪ್ಪನಾಗಿದ್ದು, ಅವರ ಒಪ್ಪಿಗೆಯಿಂದ ಸೇವೆ ಪಡೆದವಳು ಮಗಳಾದರೂ ಅವಳು ಗ್ರಾಹಕಿ. ಅದೇ ಗೆಳೆಯನೊಬ್ಬ ಪುಕ್ಕಟೆ ಮಾಡಿಕೊಟ್ಟ ರಿಪೇರಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಊರಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆನ್‌ಲೈನ್ ಅರ್ಜಿ ತುಂಬಿಕೊಟ್ಟು ಜೀವನ ಮಾಡುವವರ ಗತಿ? ‘ವಾಣಿಜ್ಯ ಉದ್ದೇಶ’ ಎಂದು ತಳ್ಳಿಹಾಕಬಹುದೇ? 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಟೈಪ್‌ರೈಟರಿನ ಉದಾಹರಣೆ ಕೊಟ್ಟಿತ್ತು: ಯಂತ್ರ ಕೊಂಡವನು ಹೊಟ್ಟೆಪಾಡಿಗಾಗಿ ಅದರ ಮುಂದೆ ತಾನೇ ಕೂತು ಟೈಪ್ ಮಾಡಿದರೆ ಅವನು ಗ್ರಾಹಕನೇ. ಟೈಪ್‌ರೈಟರ್ ಹೋಗಿ ಲ್ಯಾಪ್‌ಟಾಪ್ ಬಂದಿದೆ, ತರ್ಕ ಬದಲಾಗಿಲ್ಲ.

ಸೇವೆಯಲ್ಲಿ ಲೋಪವಾಗಿದೆ ಎಂದು ಮೊದಲು ತೋರಿಸಬೇಕಾದದ್ದು ದೂರುದಾರರು. 2021ರಲ್ಲಿ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಂಗಡಿಯವರು ಮತ್ತೆ ನೋಡಲೂ ಒಪ್ಪದಿದ್ದಾಗ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದು, ಬಿಚ್ಚಿದಾಗ ಏನು ಕಂಡಿತೆಂಬುದನ್ನು ಬರಹದಲ್ಲಿ ಪಡೆಯಬೇಕು. ಕೇಬಲ್ ಹರಿದಿದೆ, ಸ್ಕ್ರೂ ತಪ್ಪು ಜಾಗಕ್ಕೆ ಹೋಗಿ ಬೋರ್ಡಿಗೆ ತಾಗಿದೆ, ರ್‍ಯಾಮ್ ಬದಲಾಗಿದೆ ಎಂಬಂಥ ಒಂದು ಸಾಲು, ಫೋಟೊ ಸಮೇತ ಇದ್ದರೆ, ನೂರು ಮಾತಿಗಿಂತ ಗಟ್ಟಿ.

ಆಮೇಲೆ ಅಂಗಡಿಗೆ ಒಂದು ಪತ್ರ. ಕನ್ನಡದಲ್ಲಿ, ಒಂದೇ ಪುಟ: ಯಾವ ದಿನ ಕೊಟ್ಟದ್ದು, ಆಗ ಸ್ಥಿತಿ ಹೇಗಿತ್ತು, ಎಷ್ಟು ಕೊಟ್ಟದ್ದು, ಈಗ ಏನಾಗಿದೆ, ಹದಿನೈದು ದಿನದಲ್ಲಿ ಏನು ಮಾಡಿಕೊಡಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದು ರಾಜಿಗೆ ಯತ್ನಿಸುತ್ತದೆ ಅಷ್ಟೇ.

ಅಲ್ಲಿ ಬಗೆಹರಿಯದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಕಾಯ್ದೆ ತಂದ ದೊಡ್ಡ ಉಪಕಾರವೆಂದರೆ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ರಿಪೇರಿ ಬೆಂಗಳೂರಿನಲ್ಲಿ ಆಗಿದ್ದರೂ ಬದನವಾಳಿನವರಿಗೆ ಮೈಸೂರು ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಸಲ್ಲಿಸಬೇಕು. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ವಿಡಿಯೊ ಮೂಲಕ ವಿಚಾರಣೆ ನಡೆಸುವಂತೆ ಕೋರಲೂ ಕಾಯ್ದೆಯಲ್ಲಿ ಅವಕಾಶವಿದೆ. ನಂಜನಗೂಡಿನಿಂದ ಮೈಸೂರಿಗೆ ಒಂದು ದಿನದ ಓಡಾಟ ಎಂದರೆ ಒಂದು ದಿನದ ಕೂಲಿ ಕಳೆದಂತೆ ಎಂಬುದನ್ನು ಬಲ್ಲವರಿಗೆ ಈ ಅವಕಾಶದ ತೂಕ ಗೊತ್ತು.

ಎದುರು ಪಕ್ಷ 30 ದಿನದಲ್ಲಿ ಉತ್ತರ ಕೊಡಬೇಕು. ಆಯೋಗ ಇನ್ನು 15 ದಿನ ಸೇರಿಸಬಹುದು, ಅದಕ್ಕಿಂತ ಮುಂದೆ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದುದನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಮುಂದೂಡಿಕೆಗಳಿಂದ ಹೆಚ್ಚು ಕಾಲ ಹಿಡಿಯುವುದೂ ಉಂಟು. ನಡುವೆ ಎರಡೂ ಕಡೆ ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಸಣ್ಣ ಮೊತ್ತದ ರಿಪೇರಿ ಜಗಳಕ್ಕೆ ಇದೇ ಉತ್ತಮ ದಾರಿ. ಸರಿ ಮಾಡಿಕೊಡಿ, ಹಣ ಹಿಂದಿರುಗಿಸಿ, ನಷ್ಟ ತುಂಬಿ, ದಾವೆಯ ಖರ್ಚು ಕೊಡಿ ಎಂದು ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ಆದೇಶ ಮೀರಿದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ₹25,000ಕ್ಕೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ ಆಗಬಹುದು. ತೀರ್ಪು ಒಪ್ಪದವರು 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಇಷ್ಟೆಲ್ಲ ತಾಪತ್ರಯ ಯಾಕೆ, ಹೊಸದು ಕೊಂಡರಾಯಿತು ಎನ್ನುವವರೂ ಇದ್ದಾರೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದು ಬದನವಾಳಿನಲ್ಲೇ. ಕೆಟ್ಟದ್ದನ್ನು ಸರಿಮಾಡಿಕೊಂಡು ಬಾಳಿಸುವುದು ಆ ಬದುಕಿನ ಒಂದು ಭಾಗ. ಕೇಂದ್ರ ಸರ್ಕಾರವೂ 2022ರ ಡಿಸೆಂಬರ್ 24ರ ಗ್ರಾಹಕ ದಿನದಂದು ರಿಪೇರಿಯ ಹಕ್ಕಿಗಾಗಿಯೇ ಒಂದು ಪೋರ್ಟಲ್ ತೆರೆಯಿತು. ಆದರೆ ರಿಪೇರಿಯ ಮೇಲೆ ಜನರಿಗೆ ನಂಬಿಕೆ ಉಳಿಯುವುದು ಕೌಂಟರಿನ ಮೇಲಿನ ಜಾಬ್ ಶೀಟಿನಿಂದ, ಕೆಟ್ಟರೆ ಮತ್ತೆ ಬಿಚ್ಚಿ ನೋಡುವ ಅಂಗಡಿಯಿಂದ.

ದೂರು ಬರೆಯಲು ಬಾರದವರು ನಂಜನಗೂಡಿನ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಫೋನಿನಲ್ಲಿ ಕೇಳುವುದಾದರೆ 15100. ಹೋಗುವಾಗ ಬಿಲ್ಲು, ಯುಪಿಐ ಚೀಟಿ, ಎರಡು ವಿಡಿಯೊ, ಅಂಗಡಿಗೆ ಬರೆದ ಪತ್ರದ ಪ್ರತಿ ಜೊತೆಗಿರಲಿ. ಲ್ಯಾಪ್‌ಟಾಪ್ ಮಾತ್ರ ಬಿಚ್ಚದೆ ಹಾಗೇ ಇರಲಿ.