ದೆವ್ವಕ್ಕೂ ಒಂದು ಹಟ ಬೇಕು

ಮಗಳೇ, ಮಕ್ಕಳಿಗಾಗಿ ನೀನು ಬರೆಯುತ್ತಿರುವ ದೆವ್ವದ ಕಾದಂಬರಿಯ ಕರಡು ಓದಿದೆ. ಮೂರೇ ಅಧ್ಯಾಯದಲ್ಲಿ ಹಾಳುಬಾವಿ, ಹುಣಸೆಮರ, ಗೆಜ್ಜೆಸದ್ದು, ರಕ್ತದ ಕಲೆ ಎಲ್ಲವೂ ಬಂದುಹೋದವು. ಆ ದೆವ್ವಕ್ಕೆ ಏನು ಬೇಕು ಅನ್ನುವುದು ಮಾತ್ರ ತಿಳಿಯಲಿಲ್ಲ. ಮೊದಲು ಅದನ್ನು ಗಟ್ಟಿಮಾಡಿಕೊ.

ಪೆನೆಲೊಪಿ ಲೈವ್ಲಿ 1973ರಲ್ಲಿ ಪ್ರಕಟಿಸಿದ 'ದಿ ಘೋಸ್ಟ್ ಆಫ್ ಥಾಮಸ್ ಕೆಂಪ್' ಓದು. ಬ್ರಿಟನ್ನಿನ ಕಾರ್ನೆಗಿ ಪದಕ ಪಡೆದ ಮಕ್ಕಳ ಕಾದಂಬರಿ. ಜೇಮ್ಸ್ ಎಂಬ ಹುಡುಗನ ಮನೆಯವರು ಇಂಗ್ಲೆಂಡಿನ ಹಳ್ಳಿಯೊಂದರ ಹಳೇ ಮನೆಗೆ ಬರುತ್ತಾರೆ. ಅಟ್ಟ ರಿಪೇರಿ ಮಾಡುವಾಗ ಸೀಸೆಯೊಂದು ಒಡೆದು, 17ನೇ ಶತಮಾನದ ಮಾಂತ್ರಿಕನ ದೆವ್ವ ಹೊರಬೀಳುತ್ತದೆ. ಅವನಿಗೆ ಬೇಕಾಗಿರುವುದು ಒಬ್ಬ ಶಿಷ್ಯ. ವೈದ್ಯ, ಜ್ಯೋತಿಷ, ಕಳೆದ ವಸ್ತು ಹುಡುಕುವುದು ಎಲ್ಲ ತನ್ನ ಕಸುಬೆಂದು ಬರೆದು ಸಾರುತ್ತಾನೆ. ಈಗ ಊರಿಗೆ ಡಾಕ್ಟರು, ಪೊಲೀಸರು ಇದ್ದಾರೆಂದರೆ ಒಪ್ಪುವವನಲ್ಲ. ಆ ಸಿಟ್ಟಿಗೆ ಸಾಮಾನು ಒಡೆಯುತ್ತಾನೆ, ಬಾಗಿಲು ಬಡಿಯುತ್ತಾನೆ. ಬೈಸಿಕೊಳ್ಳುವವನು ಜೇಮ್ಸ್.

ಭಯ ಇರುವುದು ಇಲ್ಲೇ ನೋಡು. ಮಾಡದ ತಪ್ಪಿಗೆ ಬೈಸಿಕೊಳ್ಳುವುದು, ಎಷ್ಟು ಹೇಳಿದರೂ ಮನೆಯಲ್ಲಿ ಯಾರೂ ನಂಬದಿರುವುದು. ಆ ವಯಸ್ಸಿನ ಮಗುವಿಗೆ ಅದಕ್ಕಿಂತ ದೊಡ್ಡ ಕಷ್ಟ ಯಾವುದಿದೆ? ಓದುವ ಮಗು ಆ ಕಷ್ಟ ಬಲ್ಲದು. ಅದರ ಹಿಂದೆಯೇ ದೆವ್ವವನ್ನೂ ನಂಬುತ್ತದೆ.

ನನಗೆ ಬಹಳ ಹಿಡಿಸಿದ್ದು ಹಳೇ ದಿನಚರಿಯ ಭಾಗ. ನೂರು ವರ್ಷದ ಹಿಂದೆ ಆರ್ನಾಲ್ಡ್ ಎಂಬ ಇನ್ನೊಬ್ಬ ಹುಡುಗನನ್ನೂ ಇದೇ ದೆವ್ವ ಕಾಡಿತ್ತೆಂದು ಜೇಮ್ಸ್‌ಗೆ ಅದರಿಂದ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ಆ ಹುಡುಗ ಅವನಿಗೆ ಗೆಳೆಯನಾಗಿಬಿಡುತ್ತಾನೆ. ದೆವ್ವದ ಕತೆಯೊಳಗೆ ಇಷ್ಟು ಅಕ್ಕರೆಗೂ ಜಾಗ ಇದೆಯಮ್ಮ!

ಇನ್ನೊಂದು ಮಾತು. ಕೊನೆಗೆ ಮಂತ್ರವಾದಿಯನ್ನು ಕರೆಸಿ ಎಲ್ಲವನ್ನೂ ಅವನ ಕೈಗೆ ಒಪ್ಪಿಸಬೇಡ. ಲೈವ್ಲಿಯ ಕತೆಯಲ್ಲಿ ಮನೆ ರಿಪೇರಿಯ ಬರ್ಟ್ ದೆವ್ವ ಬಿಡಿಸಲು ನೋಡುತ್ತಾನೆ, ಆಗುವುದಿಲ್ಲ. ಈ ಕಾಲದಲ್ಲಿ ತನಗೆ ಕೆಲಸವಿಲ್ಲವೆಂದು ದೆವ್ವಕ್ಕೇ ಸಾಕಾಗಿ, ತನ್ನ ಸಮಾಧಿಗೆ ಮರಳಲು ಹುಡುಗನ ನೆರವು ಕೇಳುತ್ತದೆ.

ನಮ್ಮಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಮನೆಯವರದೇ ದನಿಯಲ್ಲಿ ಕರೆಯುವ ದೆವ್ವಕ್ಕೆ. ಓದಲು ಬರುವ, ಓದಿದ್ದನ್ನು ನಂಬಿ ಹಿಂತಿರುಗುವ ದೆವ್ವ! ದಿನವೂ ಬಂದು ಬರಿಗೈಯಲ್ಲಿ ಹೋಗುವ ಅದರ ಪಾಡನ್ನು ಯಾರೂ ಕೇಳಿಲ್ಲ. ನೀನು ಕೇಳಬಹುದು.

ತಿದ್ದಿದ ಮೇಲೆ ಪಕ್ಕದ ಮನೆಯ ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದು. ಎಲ್ಲಿ ಅವರು 'ಆಮೇಲೆ?' ಅನ್ನುವುದಿಲ್ಲವೋ ಅಲ್ಲಿಗೆ ಗುರುತು ಹಾಕಿಕೊ.